ಗದ್ದೆಯ ಮಣ್ಣಲ್ಲಿ ಸಿಕ್ಕ ಯೀಸ್ಟ್ ಹೊಸದೇ?

ಪ್ರಶ್ನೆ: ಮೈಸೂರಿನಲ್ಲಿ ಸೂಕ್ಷ್ಮಜೀವಿಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದೇನೆ. ಪಾಂಡವಪುರದ ಹತ್ತಿರ ನಮ್ಮ ಕಬ್ಬಿನ ಗದ್ದೆಯ ಮಣ್ಣಿನಿಂದ ಬೆಳ್ಳಗೆ, ಲೋಳೆಯಂತೆ ಬೆಳೆಯುವ ಒಂದು ಯೀಸ್ಟ್ ಬೇರ್ಪಡಿಸಿದ್ದೇನೆ. ಡಿ1/ಡಿ2 ಭಾಗದ ಡಿಎನ್‌ಎ ಓದಿಸಿದರೆ ಗೊತ್ತಿರುವ ಯಾವ ಯೀಸ್ಟಿಗೂ 97%ಕ್ಕಿಂತ ಹೆಚ್ಚು ಹೊಂದುತ್ತಿಲ್ಲ. ಇದು ಹೊಸ ಪ್ರಭೇದವೇ? ನಮ್ಮೂರಿನ ಹೆಸರಿಡಬಹುದೇ?
— ಓದುಗರು, ಪಾಂಡವಪುರ

ಉತ್ತರ: ಊರಿನ ಹೆಸರನ್ನು ಧಾರಾಳವಾಗಿ ಇಡಬಹುದು. ಊರ ಹೆಸರಿಗೆ ‘ಎನ್ಸಿಸ್’ ಸೇರಿಸುವುದು ಹಳೆಯ ಪದ್ಧತಿ. ‘ಪಾಂಡವಪುರೆನ್ಸಿಸ್’ ಕಿವಿಗೂ ಚೆನ್ನಾಗಿದೆ. ಆದರೆ ಹೆಸರಿಡುವ ಮುಂಚೆ ನೀವು ಇನ್ನೂ ಒಂದೆರಡು ಸಲ ಗದ್ದೆಗೆ ಹೋಗಿ ಬರಬೇಕು.

ಮೊದಲು ಆ 97%. ಡಿ1/ಡಿ2 ಎಂದರೆ ರೈಬೋಸೋಮ್ ಜೀನಿನ ಸುಮಾರು 600 ಅಕ್ಷರಗಳ ತುಣುಕು. 1998ರಲ್ಲಿ ಅಮೆರಿಕದ ಯೀಸ್ಟ್ ತಜ್ಞರಾದ ಕರ್ಟ್ಸ್‌ಮನ್ ಮತ್ತು ರಾಬ್ನೆಟ್ ಸುಮಾರು 500 ಯೀಸ್ಟ್ ಪ್ರಭೇದಗಳಲ್ಲಿ ಈ ತುಣುಕನ್ನು ಹೋಲಿಸಿ ನೋಡಿದರು. ಒಂದೇ ಪ್ರಭೇದದ ತಳಿಗಳ ನಡುವೆ ಸಾಮಾನ್ಯವಾಗಿ ಮೂರು ಅಕ್ಷರಕ್ಕಿಂತ ಹೆಚ್ಚು ವ್ಯತ್ಯಾಸ ಇರುವುದಿಲ್ಲ. ಆರು ದಾಟಿದರೆ, ಅಂದರೆ 1%, ಬೇರೆ ಪ್ರಭೇದವಿರುವ ಸಂಭವ ಹೆಚ್ಚು. ನಿಮ್ಮದರಲ್ಲಿ ಹದಿನೆಂಟರಷ್ಟು ಬೇರೆ. ಖುಷಿಪಡುವಂಥ ಲೆಕ್ಕವೇ. ಆದರೂ ಎರಡೂ ದಿಕ್ಕಿನಿಂದ ಓದಿಸಿದ್ದೀರಾ ನೋಡಿಕೊಳ್ಳಿ. ತುಣುಕಿನ ತುದಿಗಳಲ್ಲಿ ಯಂತ್ರ ತಪ್ಪು ಓದುವುದು ಮಾಮೂಲು. ಹೋಲಿಕೆಯನ್ನು ಆಯಾ ಪ್ರಭೇದದ ಮಾದರಿ ತಳಿಯ, ಅಂದರೆ ಹೆಸರಿಡುವಾಗ ಆಧಾರವಾಗಿಟ್ಟ ತಳಿಯ, ಜೊತೆಗೇ ಮಾಡಿ, ಏಕೆಂದರೆ ದತ್ತಾಂಶಕೋಶದಲ್ಲಿ ತಪ್ಪು ಹೆಸರು ಹೊತ್ತ ತಳಿಗಳೂ ಇವೆ. ರೈಬೋಸೋಮ್ ಜೀನುಗಳ ನಡುವೆ ಬರುವ ಐಟಿಎಸ್ ಭಾಗವನ್ನೂ ಓದಿಸಬೇಕು.

ನನಗೆ ಹೆಚ್ಚು ಮುಖ್ಯ ಅನ್ನಿಸುವುದು ಬೇರೆ: ಈ ಯೀಸ್ಟ್ ಮಣ್ಣಿನದೇನಾ, ಅಥವಾ ಮಣ್ಣಿಗೆ ಬಿದ್ದದ್ದಾ? ಕಬ್ಬು ಕಡಿದಾಗ ರಸ ನೆಲಕ್ಕೆ ಸೋರುತ್ತದೆ. ಪಕ್ಕದಲ್ಲಿ ಆಲೆಮನೆ ಇದ್ದರೆ ಕೇಳುವುದೇ ಬೇಡ, ಸಿಪ್ಪೆಯ ರಾಶಿಯಿಂದ ಯೀಸ್ಟ್‌ಗಳು ಗಾಳಿಯಲ್ಲೂ ನೊಣದ ಕಾಲಲ್ಲೂ ಬರುತ್ತವೆ. ಸಿಹಿ ತಿಂದು ಬೆಳೆಯುವ ಇಂಥವು ಬಹುಮಟ್ಟಿಗೆ ಸಕ್ಕರೆಯನ್ನು ಹುಳಿಸುತ್ತವೆ. ಮಣ್ಣಿನಲ್ಲೇ ಬಾಳುವ ಲಿಪೋಮೈಸಿಸ್ ಕುಲದವು ಹಾಗಲ್ಲ. ಅವು ಹುಳಿಸುವುದಿಲ್ಲ, ಜೀವಕೋಶದ ಸುತ್ತ ಲೋಳೆ ಹೊದ್ದು, ಒಳಗೆ ಕೊಬ್ಬು ಕೂಡಿಟ್ಟುಕೊಳ್ಳುತ್ತವೆ. ಪ್ಲೇಟನ್ನು ಬೋರಲು ಇಟ್ಟರೆ ಕಾಲೊನಿ ಗಂಜಿಯ ಹಾಗೆ ಮುಚ್ಚಳಕ್ಕೆ ಇಳಿಯುವುದೂ ಉಂಟು. ನಿಮ್ಮದೂ ಲೋಳೆ ಎಂದಿದ್ದೀರಿ. ಒಂದು ಹನಿ ಇಂಡಿಯನ್ ಇಂಕಿನಲ್ಲಿ ಕಲಸಿ ಸೂಕ್ಷ್ಮದರ್ಶಕದಡಿ ಇಡಿ: ಕಪ್ಪು ಹಿನ್ನೆಲೆಯಲ್ಲಿ ಪ್ರತಿ ಕೋಶದ ಸುತ್ತಲೂ ಬೆಳ್ಳನೆಯ ಬಳೆ ಕಂಡರೆ ಅದು ಲೋಳೆಯ ಹೊದಿಕೆ. ಆಮೇಲೆ ಗ್ಲೂಕೋಸ್ ದ್ರಾವಣದೊಳಗೆ ಪುಟ್ಟ ಡರ್ಹಾಮ್ ನಳಿಗೆಯನ್ನು ತಲೆಕೆಳಗಾಗಿ ಮುಳುಗಿಸಿ, ಯೀಸ್ಟ್ ಬಿತ್ತಿ, ಎರಡು ಮೂರು ವಾರ ಕಾಯಿರಿ. ನಳಿಗೆಯ ನೆತ್ತಿಯಲ್ಲಿ ಗುಳ್ಳೆ ಕೂತರೆ ಹುಳಿಸುವ ಜಾತಿ. ಯಾವ ಯಾವ ಸಕ್ಕರೆ ಉಂಡು ಬೆಳೆಯುತ್ತದೆ, 37 ಡಿಗ್ರಿ ತಾಳುತ್ತದೆಯೇ, ಬೀಜಕ ಕಟ್ಟುತ್ತದೆಯೇ, ಇವೆಲ್ಲ ವಿವರಣೆಯಲ್ಲಿ ಬರಬೇಕು.

ಗದ್ದೆಗೆ ಹೋಗಿ ಎಂದದ್ದು ಅದಕ್ಕೇ. ಒಂದೇ ತಳಿ ನೋಡಿ ಪ್ರಭೇದ ವರ್ಣಿಸುವುದನ್ನು ನಿಯಮ ತಡೆಯುವುದಿಲ್ಲ, ನಾನು ಮಾತ್ರ ಒಪ್ಪುವುದಿಲ್ಲ. ಒಬ್ಬನನ್ನು ನೋಡಿ ಇಡೀ ಊರಿನ ಚಹರೆ ಬರೆದ ಹಾಗಾಗುತ್ತದೆ. ಕಟಾವಿಗೆ ಮುಂಚೆ ಒಮ್ಮೆ, ಆದ ಮೇಲೆ ಒಮ್ಮೆ ಮಣ್ಣು ತೆಗೆಯಿರಿ. ಕಬ್ಬು ಬೆಳೆಯದ ಹೊಲದ, ಬದುವಿನ ಮಣ್ಣನ್ನೂ ತನ್ನಿ. ಅಲ್ಲೂ ಅದೇ ಯೀಸ್ಟ್ ಸಿಕ್ಕರೆ ಅದು ಮಣ್ಣಿನದೇ ಎನ್ನಲು ನಿಮಗೆ ಬಲ ಬರುತ್ತದೆ.

ಇಷ್ಟಾದ ಮೇಲೆ ಕಾಗದಪತ್ರದ ಕೆಲಸ. ವಿವರಣೆ ಇಂಗ್ಲಿಷ್ ಅಥವಾ ಲ್ಯಾಟಿನ್‌ನಲ್ಲಿರಬೇಕು. 2013ರಿಂದ ಮೈಕೋಬ್ಯಾಂಕ್‌ನಂಥ ನೋಂದಣಿಯ ಸಂಖ್ಯೆಯಿಲ್ಲದೆ ಶಿಲೀಂಧ್ರದ ಹೊಸ ಹೆಸರು ಸಿಂಧುವಲ್ಲ, ಯೀಸ್ಟಿಗೂ ಅದೇ ನಿಯಮ. ಮಾದರಿ ತಳಿಯನ್ನು ಒಣಗಿಸಿಯೋ ಹೆಪ್ಪುಗಟ್ಟಿಸಿಯೋ ನಿಶ್ಚಲ ಸ್ಥಿತಿಯಲ್ಲಿ ಕಾಪಿಡಬೇಕು. ಹೊಸ ಜೀವಿ ಕಂಡವರು ಗೊತ್ತುಪಡಿಸಿದ ಸಂಗ್ರಹಾಲಯಕ್ಕೆ ತಿಳಿಸಿ ಮಾದರಿ ಒಪ್ಪಿಸಬೇಕೆಂದು ನಮ್ಮ 2002ರ ಜೀವವೈವಿಧ್ಯ ಕಾಯಿದೆಯೇ ಹೇಳುತ್ತದೆ. ಇದನ್ನು ಕೊನೆಗೆ ಮಾಡಿದರಾಯಿತು ಎಂದುಕೊಳ್ಳಬೇಡಿ. ಬೇಸಿಗೆಯ ಒಂದು ದೀರ್ಘ ಪವರ್ ಕಟ್‌ನಲ್ಲಿ ನನ್ನ ಒಳ್ಳೆಯ ತಳಿಯೊಂದು ಸತ್ತುಹೋಯಿತು. ಮತ್ತೆಷ್ಟು ಹುಡುಕಿದರೂ ಆ ಮಣ್ಣಲ್ಲಿ ಅದು ಸಿಗಲಿಲ್ಲ. ಈ ವಾರವೇ ಗ್ಲಿಸರಾಲ್‌ನಲ್ಲಿ ನಾಲ್ಕು ಪ್ರತಿ ಮಾಡಿ, ಎರಡನ್ನು ಬೇರೆ ಕಟ್ಟಡದ ಡೀಪ್ ಫ್ರೀಜರ್‌ನಲ್ಲಿ ಇಡಿಸಿ.