ಹಳ್ಳಕ್ಕೂ ನೇತ್ರಾಣಿಗೂ ಆಗುವಂಥ ಮ್ಯಾಕ್ರೋ ಕ್ಯಾಮೆರಾ ಯಾವುದು?

ನಿಮ್ಮ ಹತ್ತಿರ ಕ್ಯಾನನ್ ಎಪಿಎಸ್-ಸಿ ಕ್ಯಾಮೆರಾ ಇದೆ, ಪುಟ್ಟ ಜೀವಿಗಳನ್ನು ಹತ್ತಿರದಿಂದ ದೊಡ್ಡದಾಗಿ ತೆಗೆಯುವ 100 ಎಂಎಂ ಮ್ಯಾಕ್ರೋ ಲೆನ್ಸ್ ಇದೆ. ಅದಕ್ಕೇ ಹೌಸಿಂಗ್, ಅಂದರೆ ನೀರು ಹೋಗದ ಕವಚ, ಕೊಳ್ಳಬೇಕಾ, ಇಲ್ಲ ಬೇರೆ ಕ್ಯಾಮೆರಾ ಬೇಕಾ ಅಂತ ಕೇಳಿದ್ದೀರಿ. ಊರ ಹಳ್ಳದ ಗೊದಮೊಟ್ಟೆ, ಏಡಿಮರಿ ತೆಗೆಯುವ ಆಸೆ, ವರ್ಷಕ್ಕೆ ಒಂದೆರಡು ಸಲ ಮುರುಡೇಶ್ವರದ ಆಚೆಯ ನೇತ್ರಾಣಿ ದ್ವೀಪಕ್ಕೂ ಡೈವಿಂಗ್‌ಗೆ ಹೋಗಬೇಕು ಅಂದಿದ್ದೀರಿ. ನಾನು ತೀರ್ಥಹಳ್ಳಿ ಕಡೆಯವನು. ಕೆಲವು ವರ್ಷಗಳಿಂದ ಇದೇ ಹುಚ್ಚು ನನಗೂ ಇದೆ. ನನ್ನ ಉತ್ತರ ಇಷ್ಟು: ಆ 100 ಎಂಎಂ ದಡದಲ್ಲೇ ಇರಲಿ. ನೀರಿಗೆ ಒಲಿಂಪಸ್ ಟಿಜಿ-6 ಅಥವಾ ಆಮೇಲೆ ಓಎಂ ಸಿಸ್ಟಮ್ ಹೆಸರಿನಲ್ಲಿ ಬಂದ ಟಿಜಿ-7 ತಗೊಳ್ಳಿ. ಎರಡೂ ಹಾಗೇ ನೀರಿಗಿಳಿಯುವ ಪುಟ್ಟ ಕ್ಯಾಮೆರಾಗಳು.

ದಡದ ಮೇಲೆ ಉದ್ದದ ಮ್ಯಾಕ್ರೋ ಲೆನ್ಸ್ ಒಂದು ವರ. ದೂರ ನಿಂತರೆ ಚಿಟ್ಟೆ ಹಾರುವುದಿಲ್ಲ, ಕಪ್ಪೆ ಜಿಗಿಯುವುದಿಲ್ಲ. ನೀರಿನೊಳಗೆ ಲೆಕ್ಕ ತಿರುಗಿಬಿಡುತ್ತದೆ. ಎಷ್ಟೇ ತಿಳಿಯಾಗಿ ಕಂಡರೂ ನೀರಿನಲ್ಲಿ ಕಣ್ಣಿಗೆ ಕಾಣದ ಮಣ್ಣು, ಕೊಳೆತ ಎಲೆಯ ಪುಡಿ ಇದ್ದೇ ಇರುತ್ತದೆ. ಬೆಳಕು ಅದನ್ನು ದಾಟಿ ಹೋಗಬೇಕು, ತಿರುಗಿ ದಾಟಿ ಬರಬೇಕು. ಸಮುದ್ರದಲ್ಲಿ ಕೆಂಪು ಬಣ್ಣ ಮೊದಲ ಕೆಲವು ಮೀಟರ್‌ಗಳಲ್ಲೇ ಕರಗಿಹೋಗುತ್ತದೆ. ಅದಕ್ಕೇ ನಿಮಗೂ ಜೀವಿಗೂ ನಡುವೆ ಇರುವ ನೀರು ಎಷ್ಟು ಕಡಿಮೆಯೋ ಚಿತ್ರ ಅಷ್ಟು ಚೆನ್ನ. ಕ್ಯಾನನ್ 100 ಎಂಎಂ ಎಲ್ ಲೆನ್ಸಿನ ಅತಿ ಹತ್ತಿರದ ಫೋಕಸ್ ಸುಮಾರು 30 ಸೆಂಟಿಮೀಟರ್. ಅದು ಸೆನ್ಸರ್‌ನಿಂದ ಅಳೆದದ್ದು, ಲೆನ್ಸಿನ ಮುಂದೆ ಉಳಿಯುವ ಜಾಗ ಅದರ ಅರ್ಧದಷ್ಟು. ಹಳ್ಳದಲ್ಲಿ ಅಷ್ಟೂ ಜಾಸ್ತಿಯೇ. ಟಿಜಿಯ ಮೈಕ್ರೋಸ್ಕೋಪ್ ಮೋಡ್‌ನಲ್ಲಿ ಗಾಜಿನಿಂದ 1 ಸೆಂಟಿಮೀಟರ್‌ಗೇ ಫೋಕಸ್ ಸಿಗುತ್ತದೆ.

ಇನ್ನೊಂದು ವಿಷಯ. ನಮ್ಮ ಹಳ್ಳಗಳಲ್ಲಿ ನೀರು ಮೊಣಕಾಲಿನವರೆಗೆ, ಎಷ್ಟೋ ಕಡೆ ಗೇಣುದ್ದ. ದೊಡ್ಡ ಹೌಸಿಂಗ್ ಅಲ್ಲಿ ಮುಳುಗುವುದೇ ಇಲ್ಲ. ಟಿಜಿಯನ್ನು ಎರಡು ಕಲ್ಲಿನ ಸಂದಿಗೆ ಒಂದೇ ಕೈಯಲ್ಲಿ ತೂರಿಸಬಹುದು.

ಹೋದ ಡಿಸೆಂಬರ್‌ನಲ್ಲಿ ನಮ್ಮ ತೋಟದ ಕೆಳಗಿನ ಹಳ್ಳದಲ್ಲಿ ಹಾಗೇ ಮಲಗಿದ್ದೆ. ಕೊಳೆತ ಎಲೆಯೊಂದರ ಅಂಚಿನಲ್ಲಿ ಭತ್ತದ ಕಾಳಿನಷ್ಟು ಸೀಗಡಿ ಕೂತಿತ್ತು. ಬರಿಗಣ್ಣಿಗೆ ಎರಡು ಕಪ್ಪು ಚುಕ್ಕೆ, ಅಷ್ಟೇ, ಅವು ಕಣ್ಣು. ಮೊಣಕೈಯನ್ನು ಕಲ್ಲಿಗೆ ಊರಿ ಕ್ಯಾಮೆರಾವನ್ನು ನಿಧಾನಕ್ಕೆ ಮುಂದೆ ತಳ್ಳಿದೆ. ಎಡಗೈಯಲ್ಲಿದ್ದ ಟಾರ್ಚನ್ನು ಪಕ್ಕದಿಂದ ಹಿಡಿದೆ. ಸ್ಕ್ರೀನಿನಲ್ಲಿ ಅದರ ಗಾಜಿನಂಥ ಮೈ ತೆರೆದುಕೊಂಡಿತು. ಬೆನ್ನಿನ ಹತ್ತಿರ ಒಳಗೆ ಹೃದಯ ಪಟಪಟ ಬಡಿಯುತ್ತಿತ್ತು. ಮುಂಗಾಲಿನ ತುದಿಯ ಕುಚ್ಚಿನಿಂದ ಎಲೆಯನ್ನು ಗುಡಿಸಿ ಗುಡಿಸಿ ಬಾಯಿಗೆ ಹಾಕಿಕೊಳ್ಳುತ್ತಿತ್ತು. ಚಿಕ್ಕಂದಿನಿಂದ ಆ ಹಳ್ಳ ದಾಟಿದ್ದೇನೆ, ಇದನ್ನು ಒಂದು ದಿನವೂ ನೋಡಿರಲಿಲ್ಲ.

ಆ ಟಾರ್ಚ್ ಪಕ್ಕದಿಂದಲೇ ಬರಬೇಕು. ಲೆನ್ಸಿನ ದಿಕ್ಕಿನಿಂದಲೇ ಬೆಳಕು ಬಿದ್ದರೆ ನೀರಿನ ಧೂಳೆಲ್ಲ ಬಿಳಿ ಚುಕ್ಕೆಗಳಾಗಿ ಹೊಳೆಯುತ್ತದೆ. ಜೊತೆಗೆ ಒಂದು ಸೆಂಟಿಮೀಟರ್ ದೂರದಲ್ಲಿ ಕ್ಯಾಮೆರಾದ ನೆರಳೇ ಜೀವಿಯ ಮೇಲೆ ಕೂರುತ್ತದೆ. ಟಿಜಿಯ ಸೆನ್ಸರ್ ಚಿಕ್ಕದು, 12 ಮೆಗಾಪಿಕ್ಸೆಲ್, ಕತ್ತಲಲ್ಲಿ ಕಾಳುಕಾಳು ಬರುತ್ತದೆ. ಹಾಗಾಗಿ ಬಜೆಟ್‌ನಲ್ಲಿ ಒಳ್ಳೆಯ ವಾಟರ್‌ಪ್ರೂಫ್ ಟಾರ್ಚ್‌ಗೆ ಮೊದಲೇ ದುಡ್ಡು ತೆಗೆದಿಡಿ. ರಾ ಫೈಲ್‌ನಲ್ಲೇ, ಅಂದರೆ ಸೆನ್ಸರ್ ಕಂಡದ್ದನ್ನು ಹಾಗೇ ಉಳಿಸುವ ಫೈಲ್‌ನಲ್ಲೇ ತೆಗೆಯಿರಿ, ಬಣ್ಣ ಆಮೇಲೆ ಸರಿ ಮಾಡಬಹುದು.

ನೇತ್ರಾಣಿಗೆ ಮಾತ್ರ ಟಿಜಿಗೂ ಹೌಸಿಂಗ್ ಬೇಕು. ಬರಿ ಕ್ಯಾಮೆರಾ 15 ಮೀಟರ್‌ವರೆಗೆ ತಡೆಯುತ್ತದೆ. ಸ್ಕೂಬಾ ಡೈವಿಂಗ್‌ನ ಮೊದಲ ಹಂತದ ಓಪನ್ ವಾಟರ್ ಕೋರ್ಸ್ ಮುಗಿಸಿದವರು 18 ಮೀಟರ್‌ವರೆಗೆ ಇಳಿಯಬಹುದು. ಆ ಮೂರು ಮೀಟರಿನಲ್ಲಿ ಕ್ಯಾಮೆರಾ ಕಳೆದುಕೊಳ್ಳಬೇಡಿ. ಒಲಿಂಪಸ್‌ನದೇ ಹೌಸಿಂಗ್ 45 ಮೀಟರಿಗೆ ಆಗುತ್ತದೆ. ಓ-ರಿಂಗ್, ಅಂದರೆ ಹೌಸಿಂಗಿನ ಅಂಚಿನಲ್ಲಿ ನೀರು ತಡೆಯುವ ರಬ್ಬರ್ ಬಳೆ, ಅದರ ಬಗ್ಗೆ ತುಂಬಾ ಎಚ್ಚರ. ಒಂದು ಸಲ ಮುರುಡೇಶ್ವರದಲ್ಲಿ ಬೋಟ್ ಹತ್ತುವ ಅವಸರದಲ್ಲಿ ಅದನ್ನು ಟವೆಲ್‌ನಿಂದ ಒರೆಸಿ ಮುಚ್ಚಿದೆ. ಟವೆಲ್ಲಿನ ಒಂದು ಎಳೆ ಅಲ್ಲೇ ಉಳಿದಿತ್ತು. ನೀರಿಗಿಳಿದ ಸ್ವಲ್ಪ ಹೊತ್ತಿಗೆ ಒಳಗೆ ಚಮಚದಷ್ಟು ಉಪ್ಪುನೀರು. ಆ ಕ್ಯಾಮೆರಾ ಮತ್ತೆ ಆನ್ ಆಗಲೇ ಇಲ್ಲ. ಈಗ ಹಿಂದಿನ ರಾತ್ರಿಯೇ ದೀಪದ ಕೆಳಗೆ ಕೂತು, ಬೆರಳಿನಿಂದ ತಡವಿ ನೋಡಿ, ತೆಳುವಾಗಿ ಗ್ರೀಸ್ ಹಚ್ಚಿ ಮುಚ್ಚುತ್ತೇನೆ. ಮೊದಲು ಖಾಲಿ ಹೌಸಿಂಗನ್ನು ಬಕೆಟ್‌ನಲ್ಲಿ ಮುಳುಗಿಸಿ ನೋಡುತ್ತೇನೆ. ಸಮುದ್ರದಿಂದ ಬಂದ ಮೇಲೆ ಸಿಹಿನೀರಿನಲ್ಲಿ ನೆನೆಸಿಡುವುದನ್ನೂ ಬಿಡಬೇಡಿ.

ನಿಮ್ಮ ಕ್ಯಾನನ್ನನ್ನೇ ನೀರಿಗಿಳಿಸುವ ಹಟ ಇದ್ದರೆ 60 ಎಂಎಂ ಮ್ಯಾಕ್ರೋ ಹಾಕಿ, ಹೌಸಿಂಗಿನಲ್ಲಿ ಲೆನ್ಸಿನ ಮುಂದೆ ಚಪ್ಪಟೆ ಗಾಜಿನ ಫ್ಲ್ಯಾಟ್ ಪೋರ್ಟ್ ಇರಲಿ. ಗುಮ್ಮಟದ ಹಾಗಿರುವ ಡೋಮ್ ಪೋರ್ಟ್ ವೈಡ್ ಲೆನ್ಸಿಗೆ. ಆದರೆ ಒಳ್ಳೆಯ ಲೋಹದ ಹೌಸಿಂಗ್, ಪೋರ್ಟ್, ನೀರೊಳಗೆ ಬಳಸುವ ಫ್ಲ್ಯಾಶ್ ಆದ ಸ್ಟ್ರೋಬ್ ಒಂದು ಸೇರಿದರೆ ಕ್ಯಾಮೆರಾದ ಬೆಲೆಯನ್ನೇ ದಾಟುತ್ತದೆ. ವರ್ಷಕ್ಕೆ ಎರಡು ಡೈವ್‌ಗೆ ಅಷ್ಟು ಸುರಿಯುವುದು ನನಗೆ ಸರಿ ಕಾಣುವುದಿಲ್ಲ.

ನಮ್ಮ ಕಡೆಯ ತೊಂದರೆ ಅಂದರೆ ತೇವ. ಮಳೆಗಾಲದ ಗಾಳಿಯನ್ನು ಒಳಗಿಟ್ಟು ಹೌಸಿಂಗ್ ಮುಚ್ಚಿದರೆ ತಣ್ಣನೆಯ ನೀರಿಗೆ ಇಳಿದ ಕೂಡಲೇ ಗಾಜು ಮಂಜಾಗುತ್ತದೆ. ಒಂದು ಸಿಲಿಕಾ ಜೆಲ್ ಪೊಟ್ಟಣ ಒಳಗೆ ಹಾಕಿ. ಲೆನ್ಸುಗಳನ್ನೂ ಗಾಳಿಯಾಡದ ಡಬ್ಬಿಯಲ್ಲಿಡಿ, ಇಲ್ಲದಿದ್ದರೆ ಬೂಸ್ಟು ಗ್ಯಾರಂಟಿ. ಹಳ್ಳ ಹೇಗೂ ಆಗ ಕೆಂಪು ರಾಡಿ. ದೀಪಾವಳಿ ಕಳೆಯಲಿ, ನೀರು ತಿಳಿಯಾಗುತ್ತದೆ.

ಚಿತ್ರಕ್ಕಾಗಿ ಕಲ್ಲು ಮಗುಚಬೇಡಿ, ದಯವಿಟ್ಟು. ಜೋಗದಿಂದ ಹೊನ್ನಾವರಕ್ಕೆ ಇಳಿಯುವ ದಾರಿಯ ಕತ್ತಲೆಕಾನಿನಲ್ಲಿ ಕುಂಬಾರ ಕಪ್ಪೆ ಇದೆ. 2014ರಲ್ಲಿ ಅದಕ್ಕೆ ಹೆಸರಿಟ್ಟರು. ಅದು ತನ್ನ ಮೊಟ್ಟೆಗೆ ಕೈಯಾರೆ ಮಣ್ಣು ಮೆತ್ತುತ್ತದೆ. ಅಂಥ ಹಳ್ಳದಲ್ಲಿ ನಾವು ಇಡುವ ಒಂದೊಂದು ಹೆಜ್ಜೆಯೂ ಯಾರದೋ ಮನೆಯ ಮೇಲೆ ಅಲ್ವಾ? ಕಾಡಿನೊಳಗಾದರೆ ಅರಣ್ಯ ಇಲಾಖೆಯ ಅನುಮತಿ ಕೇಳಿಯೇ ಹೋಗಿ.

100 ಎಂಎಂ ಮಾರಬೇಡಿ, ಜೂನ್‌ನಲ್ಲಿ ಕಪ್ಪೆ ಕೂಗುವಾಗ ಬೇಕಾಗುತ್ತದೆ. ತೀರ್ಥಹಳ್ಳಿ ಕಡೆ ಬಂದರೆ ಇಲ್ಲೇ ಬರೆಯಿರಿ, ನನ್ನ ಟಿಜಿ ಕೊಡುತ್ತೇನೆ. ಒಂದು ಬೆಳಗ್ಗೆ ಹಳ್ಳದಲ್ಲಿ ಹಿಡಿದು ನೋಡಿ, ಆಮೇಲೆ ದುಡ್ಡು ಹಾಕಿ.