ಪಠ್ಯಕ್ಕೂ ಒಂದು ಕಾಯ್ದೆ ಬೇಕೇ? ಶಹಾಬಾದಿನ ಓದುಗರಿಗೆ ಉತ್ತರ

ಶಹಾಬಾದಿನ ನಿವೃತ್ತ ಉಪನ್ಯಾಸಕರೊಬ್ಬರು ಬರೆದಿದ್ದಾರೆ: ‘ಅಮೆರಿಕದ ಟೆಕ್ಸಾಸ್, ಫ್ಲಾರಿಡಾ ರಾಜ್ಯಗಳಲ್ಲಿ ಸರ್ಕಾರಿ ವಿಶ್ವವಿದ್ಯಾಲಯಗಳು ಏನು ಕಲಿಸಬೇಕು ಅಂತ ಶಾಸನಸಭೆಯೇ ಕಾನೂನು ಮಾಡಿದೆ. ನಮ್ಮ ಸರ್ಕಾರವೂ ಕಾಯ್ದೆ ತಂದು ಗುಲಬರ್ಗಾ, ಬೀದರ್ ವಿ.ವಿ.ಗಳ ಪ್ರತಿ ಪದವಿಯಲ್ಲೂ ಕಲ್ಯಾಣ ಕರ್ನಾಟಕದ ಇತಿಹಾಸ ಕಡ್ಡಾಯ ಮಾಡಲಿ. ಕಡಗಂಚಿಯ ಕೇಂದ್ರೀಯ ವಿ.ವಿ.ಗೂ ಅದು ಅನ್ವಯವಾಗಲಿ.’

ಸರ್, ನಿಮ್ಮ ಸಿಟ್ಟು ನ್ಯಾಯವಾದದ್ದೇ. ಕಲಬುರಗಿಯಲ್ಲೇ ಬಿ.ಕಾಂ. ಮುಗಿಸಿದ ಎಷ್ಟೋ ಹುಡುಗರಿಗೆ ಸನ್ನತಿಯಲ್ಲಿ ಅಶೋಕನ ಶಾಸನ ಸಿಕ್ಕಿದ್ದು ಗೊತ್ತಿಲ್ಲ. ಮಳಖೇಡ ಅಂದರೆ ಸಿಮೆಂಟ್ ಫ್ಯಾಕ್ಟರಿ. ಅದು ರಾಷ್ಟ್ರಕೂಟರ ರಾಜಧಾನಿ ಅನ್ನೋದು ಶಾಲೆಯಲ್ಲಿ ಬಾಯಿಪಾಠ ಮಾಡಿ ಮರೆತ ಸಾಲು. ಒಂದು ಪೇಪರ್ ಬೇಕು, ಒಪ್ಪಿದೆವು. ಆದರೆ ನೀವು ತೋರಿಸಿದ ಎರಡು ರಾಜ್ಯಗಳ ಕಾನೂನುಗಳನ್ನು ಸ್ವಲ್ಪ ಬಿಡಿಸಿ ನೋಡಬೇಕು.

ಟೆಕ್ಸಾಸ್‌ನಲ್ಲಿ ಹಳೆಯ ಕಾನೂನೊಂದಿದೆ. ಸರ್ಕಾರಿ ವಿ.ವಿ.ಯ ಪದವಿ ಬೇಕಾದರೆ ಅಮೆರಿಕದ ಇತಿಹಾಸ 6 ಕ್ರೆಡಿಟ್ (ಪಾಠದ ಗಂಟೆಗಳ ಲೆಕ್ಕ), ಸಂವಿಧಾನ ಮತ್ತು ಸರ್ಕಾರದ ವಿಷಯ 6 ಕ್ರೆಡಿಟ್ ಓದಲೇಬೇಕು. ಎಲ್ಲರಿಗೂ ಸಾಮಾನ್ಯವಾದ 42 ಕ್ರೆಡಿಟ್‌ಗಳಲ್ಲಿ ಇವೂ ಸೇರಿವೆ. ಇದರಲ್ಲಿ ನಮಗೆ ತಪ್ಪೇನೂ ಕಾಣುವುದಿಲ್ಲ. 2025ರ ಹೊಸ ಕಾನೂನು ಇನ್ನೂ ಮುಂದೆ ಹೋಯಿತು. ಗವರ್ನರ್ ನೇಮಿಸುವ ಆಡಳಿತ ಮಂಡಳಿಗಳು ಐದು ವರ್ಷಕ್ಕೊಮ್ಮೆಯಾದರೂ ಈ ಸಾಮಾನ್ಯ ಪಠ್ಯವನ್ನು ಪರಿಶೀಲಿಸಬೇಕು. ಪಾಠ ಮಾಡುವವರ ಸೆನೆಟ್‌ಗೆ ಉಳಿದದ್ದು ಸಲಹೆ ಕೊಡುವ ಕೆಲಸ ಮಾತ್ರ.

ಫ್ಲಾರಿಡಾದ 2023ರ ಕಾನೂನು ಕ್ಲಾಸ್‌ರೂಮಿನೊಳಗೇ ಬಂತು. ಎಲ್ಲರಿಗೂ ಸಾಮಾನ್ಯವಾದ ಕೋರ್ ಕೋರ್ಸ್‌ಗಳು ಮಹತ್ವದ ಐತಿಹಾಸಿಕ ಘಟನೆಗಳನ್ನು ತಿರುಚಬಾರದು ಅಂದಿತು. ಜನಾಂಗಭೇದ ದೇಶದ ಸಂಸ್ಥೆಗಳಲ್ಲೇ ಬೇರೂರಿದೆ ಅನ್ನುವಂಥ ಸಿದ್ಧಾಂತಗಳ ಮೇಲೆ ನಿಂತಿರಲೂಬಾರದು ಅಂದಿತು. 2024ರ ಜನವರಿಯಲ್ಲಿ ಸಮಾಜಶಾಸ್ತ್ರದ ಮೊದಲ ಪೇಪರನ್ನೇ ಅಲ್ಲಿನ ಕೋರ್ ಪಟ್ಟಿಯಿಂದ ತೆಗೆದು, ಆ ಜಾಗಕ್ಕೆ ಅಮೆರಿಕದ ಇತಿಹಾಸದ ಪೇಪರ್ ಹಾಕಿದರು.

ಇತಿಹಾಸ ತಿರುಚಬಾರದು ಅಂದರೆ ಯಾರು ತಾನೇ ಬೇಡ ಅಂತಾರೆ? ಇದೇ ಸಾಲನ್ನು ನಮ್ಮ ಭಾಗಕ್ಕೆ ತಂದು ನೋಡಿ. 1948ನ್ನು ಹೇಗೆ ಪಾಠ ಮಾಡುತ್ತೀರಿ? ಆ ವರ್ಷ ಮೇ ತಿಂಗಳಲ್ಲಿ ಬೀದರ ಜಿಲ್ಲೆಯ ಗೋರಟಾದಲ್ಲಿ ನಿಜಾಮನ ಪರವಾಗಿದ್ದ ರಜಾಕಾರರು ಜನರನ್ನು ಕೊಂದರು. ಸೆಪ್ಟೆಂಬರಿನಲ್ಲಿ ಭಾರತದ ಸೇನೆ ಬಂತು, 17ಕ್ಕೆ ಹೈದರಾಬಾದಿನ ನಿಜಾಮ ಶರಣಾದ. ಅದಾದ ಮೇಲೆ ಮುಸ್ಲಿಮರ ಮೇಲೆ ಹಿಂಸೆ ನಡೆಯಿತು. ಅದನ್ನು ತಿಳಿಯಲು ನೆಹರೂ ಸರ್ಕಾರ ಪಂಡಿತ ಸುಂದರಲಾಲ್ ತಂಡವನ್ನು ಕಳಿಸಿತು. ಅತಿ ಹೆಚ್ಚು ನರಳಿದ ಜಿಲ್ಲೆಗಳು ಅಂತ ಆ ತಂಡ ಹೆಸರಿಸಿದ್ದು ಉಸ್ಮಾನಾಬಾದ್, ನಾಂದೇಡ್, ಗುಲಬರ್ಗಾ, ಬೀದರ್. ಆ ವರದಿ ದಶಕಗಳ ಕಾಲ ಹೊರಗೆ ಬರಲೇ ಇಲ್ಲ. ಗೋರಟಾದ ನೆನಪು ಕೆಲವರ ಮನೆಯಲ್ಲಿ ಹಸಿಯಾಗಿದೆ, ಸೆಪ್ಟೆಂಬರಿನ ನಂತರದ್ದು ಇನ್ನು ಕೆಲವರ ಮನೆಯಲ್ಲಿ. ಎರಡೂ ಮನೆಗಳ ಮಕ್ಕಳು ಒಂದೇ ಬೆಂಚಿನಲ್ಲಿ ಕೂತಿರುತ್ತಾರೆ.

ಅಲ್ಲಿ ಪಾಠ ಮಾಡುವವರು ಬಹಳ ಕಡೆ ಅತಿಥಿ ಉಪನ್ಯಾಸಕರು. ಮುಂದಿನ ವರ್ಷ ಕೆಲಸ ಇರುತ್ತದೋ ಇಲ್ಲವೋ ಅನ್ನುವ ಚಿಂತೆ ಅವರದು. ‘ತಿರುಚಬಾರದು’ ಅನ್ನುವ ಕಾನೂನು ತಲೆ ಮೇಲೆ ತೂಗುತ್ತಿದ್ದರೆ ಅವರು ಎರಡರಲ್ಲಿ ಒಂದನ್ನು ಸುಮ್ನೆ ಬಿಟ್ಟುಬಿಡುತ್ತಾರೆ. ಯಾವುದನ್ನು ಬಿಡುತ್ತಾರೆ ಅನ್ನೋದು ಆ ವರ್ಷ ಬೆಂಗಳೂರಿನಲ್ಲಿ ಯಾರ ಸರ್ಕಾರ ಇದೆ ಅನ್ನೋದರ ಮೇಲೆ ಹೋಗುತ್ತದೆ. ಇದು ಬರೀ ಊಹೆ ಅನ್ನಬೇಡಿ. ರಾಷ್ಟ್ರೀಯ ಶಿಕ್ಷಣ ನೀತಿಯ ನಾಲ್ಕು ವರ್ಷದ ಪದವಿ 2021ರಲ್ಲಿ ಬಂತು, ಸರ್ಕಾರ ಬದಲಾದ ಮೇಲೆ 2024ರಲ್ಲಿ ಹೋಯಿತು. 2020, 2021, 2024ರಲ್ಲಿ ಡಿಗ್ರಿ ಸೇರಿದ ಒಂದೇ ಮನೆಯ ಮೂವರು ಮಕ್ಕಳಿದ್ದರೆ ಮೂವರಿಗೂ ಬೇರೆ ಬೇರೆ ಪಠ್ಯ. ಅಣ್ಣನ ಪುಸ್ತಕ ತಮ್ಮನಿಗೆ ಬರಲಿಲ್ಲ.

‘ಅದಕ್ಕೇ ಕಾಯ್ದೆ ಬೇಕು, ಆದೇಶದಷ್ಟು ಸುಲಭವಾಗಿ ಬದಲಾಗುವುದಿಲ್ಲ’ ಅಂತ ನೀವು ಹೇಳಬಹುದು. ಗಂಟೆ, ಕ್ರೆಡಿಟ್‌ಗಳ ಮಟ್ಟಿಗೆ ಸರಿ. ಆದರೆ ಕಡ್ಡಾಯ ಪೇಪರ್‌ಗಳ ಗತಿ ನಿಮಗೆ ನಮಗಿಂತ ಚೆನ್ನಾಗಿ ಗೊತ್ತು. ಪರಿಸರ ಅಧ್ಯಯನ ಎಲ್ಲ ಪದವಿಗಳಿಗೂ ಬಂದದ್ದು ಸುಪ್ರೀಂ ಕೋರ್ಟ್ ಹೇಳಿದ್ದರಿಂದ. ಈಗ ಅದನ್ನು ಓದುವುದು ಪರೀಕ್ಷೆಯ ಹಿಂದಿನ ರಾತ್ರಿ, ಗೈಡಿನಲ್ಲಿ. ಕಲ್ಯಾಣ ಕರ್ನಾಟಕದ ಇತಿಹಾಸಕ್ಕೂ ಅದೇ ಆಗಬೇಕೇ?

ನಿಮಗೆ ಬೇಕಾದ್ದಕ್ಕೆ ಹೊಸ ಕಾಯ್ದೆಯೇ ಬೇಕಿಲ್ಲ. 2000ದ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆಯಲ್ಲೇ ಅಧ್ಯಯನ ಮಂಡಳಿ ಇದೆ, ವಿದ್ಯಾವಿಷಯಕ ಪರಿಷತ್ತು ಇದೆ. ಪಠ್ಯವು ಆ ಮಂಡಳಿಯಲ್ಲಿ ತಯಾರಾಗಿ ಪರಿಷತ್ತಿನಲ್ಲಿ ಪಾಸಾಗಬೇಕು. ಆ ಮಂಡಳಿಗಳ ಬಾಗಿಲು ತಟ್ಟುವವರು ಕಡಿಮೆ, ವಿಧಾನಸೌಧಕ್ಕೆ ಮನವಿ ಕೊಡುವವರು ಜಾಸ್ತಿ, ಅಲ್ವಾ? ಇನ್ನು ಕಡಗಂಚಿಯ ವಿಷಯ. ಅದು ಸಂಸತ್ತಿನ 2009ರ ಕಾಯ್ದೆಯಿಂದ ಹುಟ್ಟಿದ ವಿ.ವಿ. ನಮ್ಮ ವಿಧಾನಸಭೆ ಅದರ ಪಠ್ಯ ಬರೆಯಲು ಆಗದು.

ನೀವು ಪಾಠ ಮಾಡಿದವರು. ಒಂದು ಸೆಮಿಸ್ಟರಿನ ಪೇಪರಿಗೆ ಕರಡು ಬರೆದು ಕಳಿಸಿ, ಪೂರ್ತಿ ಅಚ್ಚು ಹಾಕುತ್ತೇವೆ. ಸನ್ನತಿಗೆ ಎಷ್ಟು ಕ್ಲಾಸು, ಮಹಮೂದ್ ಗವಾನನ ಮದರಸಾಕ್ಕೆ ಎಷ್ಟು, ಬಸವಕಲ್ಯಾಣಕ್ಕೆ ಎಷ್ಟು ಅಂತ ಬಿಡಿಸಿ ಬರೆಯಿರಿ. 1948ಕ್ಕೆ ಎಷ್ಟು ಕ್ಲಾಸು, ಅದರಲ್ಲಿ ಏನೇನು ಓದಿಸುತ್ತೀರಿ ಅನ್ನೋದನ್ನು ಮಾತ್ರ ಬಿಡಬೇಡಿ.

– ಸಂಪಾದಕ