ನವಿಲು ನೀಲಿಯೋ, ಹಸಿರೋ?

ಪ್ರಶ್ನೆ: ನಂಜುಮಳಿಗೆ ಹತ್ತಿರ 22 ವರ್ಷದಿಂದ ಸ್ಕ್ರೀನ್ ಪ್ರಿಂಟಿಂಗ್ ಮಾಡುತ್ತಿದ್ದೇನೆ. ಲಗ್ನಪತ್ರಿಕೆಯೇ ಜಾಸ್ತಿ. ಹೋದ ತಿಂಗಳು ನವಿಲು ನೀಲಿ ಅಂದುಕೊಂಡು ಇಂಕ್ ಕಲಸಿದೆ. ಗಿರಾಕಿ ನೋಡಿ, ‘ಇದು ಹಸಿರು ಅಲ್ವಾ?’ ಅಂದರು. 500 ಕಾರ್ಡು ದಂಡವಾಯಿತು. ಕನ್ನಡಕದ ಅಂಗಡಿಯಲ್ಲಿ ಚುಕ್ಕಿಗಳ ನಡುವಿನ ನಂಬರ್ ಎಲ್ಲ ಸರಿಯಾಗಿಯೇ ಓದಿದೆ. ಥಿನ್ನರ್‌ನಿಂದ ಹೀಗಾಗುತ್ತದೆಯೇ ಡಾಕ್ಟ್ರೇ?
– ಓದುಗರೊಬ್ಬರು, ಮೈಸೂರು

ಉತ್ತರ: ಆಗಬಹುದು. ಆ ಚುಕ್ಕಿ ಪುಸ್ತಕವನ್ನು ನಂಬಿ ಸುಮ್ನೆ ಕೂರಬೇಡಿ. ಅದು ಜಪಾನಿನ ಕಣ್ಣಿನ ಡಾಕ್ಟರ್ ಇಶಿಹಾರ 1917ರಲ್ಲಿ ಹೊರತಂದ ಪರೀಕ್ಷೆ. ಹುಟ್ಟಿನಿಂದ ಕೆಂಪು-ಹಸಿರು ಗೊಂದಲ ಇರುವವರನ್ನು ಹಿಡಿಯುವುದಕ್ಕೆ ಮಾಡಿದ್ದು. ಥಿನ್ನರ್‌ನಲ್ಲಿರುವ ಟೊಲುಯೀನ್‌ನಂಥ ದ್ರಾವಕಗಳ ಆವಿಯನ್ನು ವರ್ಷಗಟ್ಟಲೆ ಉಸಿರಾಡಿದವರಲ್ಲಿ ಹೆಚ್ಚಾಗಿ ಮೊದಲು ಮಂಕಾಗುವುದು ನೀಲಿ-ಹಳದಿ. ಅಕ್ಷರ ಓದುತ್ತೀರಿ, ನಂಬರ್ ಹೇಳುತ್ತೀರಿ, ನೀಲಿ ಮಾತ್ರ ಹಸಿರಿನೊಳಗೆ ಸೇರಿಹೋಗುತ್ತದೆ. ಇದಕ್ಕೆ ಡಿ-15 ಅಂತ ಬೇರೆ ಪರೀಕ್ಷೆ ಇದೆ. 15 ಬಣ್ಣದ ಬಿಲ್ಲೆಗಳನ್ನು ಸಾಲಾಗಿ ಜೋಡಿಸಬೇಕು. ತಿಳಿ ಬಣ್ಣದ ಬಿಲ್ಲೆಗಳಾದರೆ ಸಣ್ಣ ತಪ್ಪೂ ಸಿಕ್ಕಿಬೀಳುತ್ತದೆ. ಮೆಡಿಕಲ್ ಕಾಲೇಜಿನ ಕಣ್ಣಿನ ವಿಭಾಗದಲ್ಲಿ ಅದನ್ನೇ ಹೆಸರು ಹೇಳಿ ಕೇಳಿ.

ಹಾಗಂತ ಎಲ್ಲವನ್ನೂ ಥಿನ್ನರ್ ತಲೆಗೆ ಕಟ್ಟುವಂತಿಲ್ಲ. ನೀವು ವಯಸ್ಸು ಬರೆದಿಲ್ಲ. ಕಣ್ಣಿನ ಪೊರೆ ಹಳದಿಗಟ್ಟುತ್ತಿದ್ದರೂ, ಸಕ್ಕರೆ ಕಾಯಿಲೆ ಇದ್ದರೂ ಕೈಕೊಡುವುದು ನೀಲಿಯೇ. ಎರಡನ್ನೂ ತೋರಿಸಿಕೊಳ್ಳಿ.

ನಮ್ಮ ತಂದೆ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದರು. ಸೀಮೆಎಣ್ಣೆಯಲ್ಲಿ ಕೈ ತೊಳೆದು ಊಟಕ್ಕೆ ಕೂರುತ್ತಿದ್ದರು. ಅಮ್ಮ ಬೈದು ಬೈದು ಸುಸ್ತಾದಳು. ನಿಮ್ಮ ಕಸುಬಿನವರು ಥಿನ್ನರ್‌ನಲ್ಲೇ ಕೈ ತೊಳೆಯುವುದನ್ನು ಕಂಡಿದ್ದೇನೆ. ಚರ್ಮದಿಂದಲೂ ಅದು ಒಳಕ್ಕೆ ಹೋಗುತ್ತದೆ. ಸೋಪೋ, ಅಡುಗೆ ಎಣ್ಣೆಯೋ ಸಾಕು. ಸ್ಕ್ರೀನ್ ತೊಳೆಯುವ ಹೊತ್ತೇ ಎಲ್ಲಕ್ಕಿಂತ ಕೆಟ್ಟದ್ದು. ಆ ಕೆಲಸವನ್ನು ಹಿತ್ತಲಿಗೆ ಹಾಕಿ. ಈ ಆವಿ ಗಾಳಿಗಿಂತ ಭಾರ, ನೀವು ಬಗ್ಗಿ ಉಜ್ಜುವ ಕಡೆಯೇ ಕೂರುತ್ತದೆ. ಸೂರಿನಲ್ಲಿರುವ ಫ್ಯಾನ್ ಅದನ್ನು ಪೂರ್ತಿ ಎಳೆಯಲಾರದು. ಮೂಗಿಗೆ ಕಟ್ಟುವ ಕರವಸ್ತ್ರ ಧೂಳು ತಡೆದೀತು, ಆವಿಯನ್ನಲ್ಲ. ಇದ್ದಿಲಿನ ಫಿಲ್ಟರ್ ಇರುವ ಮಾಸ್ಕ್ ಬೇಕು. ಫಿಲ್ಟರನ್ನು ಆಗಾಗ ಬದಲಿಸಬೇಕು. ಒದ್ದೆ ಕಾರ್ಡುಗಳನ್ನು ಕೂತು ಕೆಲಸ ಮಾಡುವ ಕೋಣೆಯಲ್ಲೇ ಒಣಹಾಕಬೇಡಿ.

ಆವಿ ಕಡಿಮೆಯಾದ ಮೇಲೆ ಕೆಲವರಿಗೆ ಬಣ್ಣ ಮತ್ತೆ ತಿಳಿಯಾಗುತ್ತದೆ. ಕೆಲವರಿಗೆ ಅಷ್ಟಕ್ಕೇ ನಿಲ್ಲುತ್ತದೆ. ಪರೀಕ್ಷೆ ಆಗುವವರೆಗೆ ನೀಲಿ ಕಲಸಿದಾಗಲೆಲ್ಲ ಮನೆಯವರನ್ನು ಕರೆದು ಬೆಳಕಿನಲ್ಲಿ ಒಮ್ಮೆ ತೋರಿಸಿ, ಆಮೇಲೆ ಸ್ಕ್ರೀನಿಗೆ ಹಾಕಿ.